ಪದಚರ್ಚೆ: ಸಂತಾನೋತ್ಪತ್ತಿ ವಿಷತ್ವ, ರಿಸಾರ್ಪ್ಷನ್, ಲಿಟರ್, ಗವಾಜ್

ಪ್ರಶ್ನೆ

ರಾಸಾಯನಿಕವೊಂದನ್ನು ಇಲಿ ಮತ್ತು ಮೊಲಗಳ ಮೇಲೆ ಪರೀಕ್ಷಿಸಿದ ವರದಿಯ ಸಾರಾಂಶ ಕನ್ನಡಕ್ಕೆ ಬರಬೇಕಿದೆ. ಓದುವವರು ಕಾರ್ಖಾನೆಯ ಸುರಕ್ಷತಾ ಸಿಬ್ಬಂದಿ ಮತ್ತು ಪಶುವೈದ್ಯಕೀಯ ಓದುತ್ತಿರುವ ಹುಡುಗರು. ‘ರಿಪ್ರೊಡಕ್ಟಿವ್ ಟಾಕ್ಸಿಸಿಟಿ’ಗೆ ಕರಡಿನಲ್ಲಿ ಮೂರು ಕಡೆ ಮೂರು ಪದ ಬಿದ್ದಿವೆ: ಸಂತಾನೋತ್ಪತ್ತಿ ವಿಷತ್ವ, ಪ್ರಜನನ ವಿಷಕಾರಿತೆ, ಬಂಜೆತನಕಾರಕ ಗುಣ. ಯಾವುದನ್ನು ಉಳಿಸಬೇಕು? ಇನ್ನು ರಿಸಾರ್ಪ್ಷನ್‌ಗೆ ಗರ್ಭಪಾತ, ಲಿಟರ್‌ಗೆ (ಒಂದೇ ಬಸಿರಿನ ಮರಿಗಳ ಗುಂಪು) ಮರಿಗಳು, ಗವಾಜ್‌ಗೆ ಬಲವಂತದ ಉಣಿಕೆ, ವೆಹಿಕಲ್‌ಗೆ ವಾಹನ ಎಂದು ಹಾಕಿದ್ದಾರೆ. ‘ಡೇ ಝೀರೋ’ ಎನ್ನುವುದು ‘ಮೊದಲ ದಿನ’ ಆಗಿದೆ. ಇವುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ? ಬಲ್ಲವರು ತಿಳಿಸಬೇಕು.

ಉತ್ತರ

ಕೊನೆಯದರಿಂದಲೇ, ‘ಡೇ ಝೀರೋ’ ಎನ್ನುವುದರಿಂದಲೇ, ಹಿಡಿಯುತ್ತೇನೆ. ನೋಡಲು ಚಿಕ್ಕದು, ವರದಿ ಕೆಡುವುದು ಮಾತ್ರ ಅಲ್ಲೇ.

ಸಂಜೆ ಹೆಣ್ಣಿಲಿಯನ್ನು ಗಂಡಿನ ಗೂಡಿಗೆ ಬಿಟ್ಟು, ಬೆಳಿಗ್ಗೆ ಯೋನಿಯ ಲೇಪ ತೆಗೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ವೀರ್ಯಾಣು ಕಂಡರೆ, ಇಲ್ಲವೇ ವೀರ್ಯ ಗಟ್ಟಿಯಾಗಿ ಆದ ಬೆಣೆ ಸಿಕ್ಕರೆ, ಆ ದಿನವೇ ಗರ್ಭದ 0ನೇ ದಿನ. ಮೊಲದಲ್ಲಾದರೆ ಗಂಡಿನೊಡನೆ ಕೂಡಿದ ದಿನ ಅಥವಾ ಕೃತಕ ಗರ್ಭಧಾರಣೆ ಮಾಡಿದ ದಿನ. ರಾಸಾಯನಿಕ ಪರೀಕ್ಷೆಗಳಿಗೆ ಮಾರ್ಗಸೂಚಿ ಕೊಡುವ ಅಂತಾರಾಷ್ಟ್ರೀಯ ಸಂಸ್ಥೆ ಓಇಸಿಡಿಯ 414ನೇ ಮಾರ್ಗಸೂಚಿಯಂತೆ (ಗರ್ಭದೊಳಗಿನ ಬೆಳವಣಿಗೆಗೆ ಆಗುವ ಹಾನಿ ನೋಡುವ ಪರೀಕ್ಷೆ) ಭ್ರೂಣ ಗರ್ಭಾಶಯದ ಗೋಡೆಗೆ ನೆಲೆಯೂರುವ ಹೊತ್ತಿನಿಂದ, ಅಂದರೆ ಇಲಿಯಲ್ಲಿ 5ನೇ ದಿನ, ಮೊಲದಲ್ಲಿ 6ನೇ ದಿನದಿಂದ, ಹೊಟ್ಟೆ ಕೊಯ್ದು ನೋಡುವ ಹಿಂದಿನ ದಿನದವರೆಗೆ ನಿತ್ಯ ಡೋಸ್ ಕೊಡಬೇಕು. 0ನೇ ದಿನವನ್ನು ‘ಮೊದಲ ದಿನ’ ಮಾಡಿದರೆ ಓದುವವನು 5ನೇ ದಿನವನ್ನು ಅಲ್ಲಿಂದ ಎಣಿಸಿ ಒಂದು ದಿನ ಹಿಂದೆ ಬೀಳುತ್ತಾನೆ. ಇಲಿಯ ಬಸಿರು ಇರುವುದೇ 21-22 ದಿನ, ಅಂಗಗಳ ಹೆಚ್ಚಿನ ಭಾಗ ಮೂಡುವುದು 6ರಿಂದ 15ನೇ ದಿನದೊಳಗೆ. ಇಲ್ಲಿ ಒಂದು ದಿನ ಎನ್ನುವುದು ಸಣ್ಣ ಮೊತ್ತವಲ್ಲ. ಅಂಗುಳಿನ ಎರಡು ಬದಿಗಳು ಕೂಡಿಕೊಳ್ಳುವುದು 16-17ನೇ ದಿನದ ಸುಮಾರಿಗೆ. ಹಿಂದೆ 15ನೇ ದಿನಕ್ಕೇ ಡೋಸ್ ನಿಲ್ಲಿಸುತ್ತಿದ್ದರು, 2001ರ ಪರಿಷ್ಕರಣೆಯಲ್ಲಿ ಅದನ್ನು ಕೊನೆಯವರೆಗೆ ಒಯ್ದರು. ಕೆಲವು ಪ್ರಯೋಗಾಲಯಗಳು ವೀರ್ಯಾಣು ಕಂಡ ದಿನವನ್ನೇ 1 ಎಂದು ಎಣಿಸುತ್ತವೆ. ಆದ್ದರಿಂದ ‘ಗರ್ಭದ 0ನೇ ದಿನ’ ಎಂದೇ ಬರೆದು, ಅದು ಯಾವ ದಿನವೆಂದು ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ಹೇಳಿಬಿಡಿ. ಮರಿ ಹುಟ್ಟಿದ ದಿನಕ್ಕೂ ಇದೇ ಗೊಂದಲವಿದೆ. ಅದನ್ನೂ ಮೂಲ ನೋಡಿಯೇ ಹಾಕಿ.

ತಲೆಬರಹಕ್ಕೆ ಸಂತಾನೋತ್ಪತ್ತಿ ವಿಷತ್ವವೇ ಇರಲಿ. ಪ್ರಜನನ ತಪ್ಪಲ್ಲ, ಆದರೆ ಶಾಲೆಯ ಜೀವಶಾಸ್ತ್ರದಿಂದ ಎಲ್ಲರಿಗೂ ಗೊತ್ತಿರುವುದು ಸಂತಾನೋತ್ಪತ್ತಿ. ಬಂಜೆತನಕಾರಕ ಮಾತ್ರ ಬೇಡವೇ ಬೇಡ. ಜಿಎಚ್‌ಎಸ್ ವರ್ಗೀಕರಣದಲ್ಲಿ (ರಾಸಾಯನಿಕಗಳ ಅಪಾಯ ಗುರುತಿಸುವ ಜಾಗತಿಕ ಪದ್ಧತಿ) ಈ ತಲೆಬರಹದಡಿ ಎರಡು ಸಂಗತಿಗಳಿವೆ: ಬೆಳೆದ ಗಂಡು ಹೆಣ್ಣುಗಳ ಲೈಂಗಿಕ ಕ್ರಿಯೆ ಮತ್ತು ಫಲವತ್ತತೆಗೆ ಆಗುವ ಹಾನಿ ಒಂದು, ಹುಟ್ಟುವ ಪೀಳಿಗೆಯ ಬೆಳವಣಿಗೆಗೆ ಆಗುವ ಹಾನಿ ಇನ್ನೊಂದು. ಹಾಲಿನ ಮೂಲಕ ಆಗುವ ಹಾನಿಗೆ ಬೇರೆಯೇ ಒಂದು ಉಪವರ್ಗ ಕೊಟ್ಟಿದ್ದಾರೆ. ಥಾಲಿಡೊಮೈಡ್ ಹೆಸರಾದದ್ದು ಬಸಿರು ನಿಲ್ಲದಂತೆ ಮಾಡಿದ್ದಕ್ಕಲ್ಲ. ನಿಂತ ಬಸಿರಿನಲ್ಲಿ ಮಗುವಿನ ಕೈಕಾಲು ಮೊಟಕಾದವು. ಅದನ್ನು ‘ಬಂಜೆತನಕಾರಕ’ದ ಕೆಳಗೆ ಎಲ್ಲಿ ಹುಡುಕುವುದು?

ಅಪಾಯದ ವಾಕ್ಯಗಳನ್ನು ಹೀಗೆ ಇಡಬಹುದು. ಎಚ್360: ‘ಫಲವತ್ತತೆಗೆ ಅಥವಾ ಹುಟ್ಟಲಿರುವ ಮಗುವಿಗೆ ಹಾನಿ ಮಾಡಬಹುದು’. ಎಚ್361: ‘ಹಾನಿ ಮಾಡುವ ಶಂಕೆ ಇದೆ’. ಎಚ್362: ‘ಎದೆಹಾಲು ಕುಡಿಯುವ ಮಕ್ಕಳಿಗೆ ಹಾನಿ ಮಾಡಬಹುದು’. ‘ಮಾಡಬಹುದು’ ಮತ್ತು ‘ಶಂಕೆ ಇದೆ’ ಎರಡೂ ಒಂದೇ ಎಂದು ತೋರಬಹುದು. ಅವು 1 ಮತ್ತು 2ನೇ ವರ್ಗಗಳ ನಡುವಿನ ಗೆರೆ, ಅದಲುಬದಲು ಮಾಡುವಂತಿಲ್ಲ. ಫಲವತ್ತತೆ ಎಂದರೆ ಮಣ್ಣು ನೆನಪಾಗುತ್ತದೆ ಎಂದು ಕೆಲವರು ‘ಗರ್ಭ ಕಟ್ಟುವ ಶಕ್ತಿ’ ಎಂದು ತಿದ್ದುತ್ತಾರೆ. ಹಾಗೆ ತಿದ್ದಿದರೆ ಗಂಡು ಹೊರಗುಳಿಯಿತು. ವೀರ್ಯಾಣುಗಳ ಎಣಿಕೆ, ಚಲನೆ, ಆಕಾರ ನೋಡುವುದು, ವೃಷಣ ತೂಗುವುದು ಎಲ್ಲವೂ ಇದೇ ಪರೀಕ್ಷೆಯ ಭಾಗ.

ಈಗ ರಿಸಾರ್ಪ್ಷನ್. ಇದಕ್ಕೆ ಸ್ವಲ್ಪ ಜಾಗ ಬೇಕು. ಇಲಿಯ ಗರ್ಭಾಶಯ ಎರಡು ಉದ್ದನೆಯ ಕೊಂಬು. ಭ್ರೂಣಗಳು ಸಾಲಾಗಿ ಕೂತಿರುತ್ತವೆ. ನಡುವೆ ಒಂದು ಸತ್ತರೆ ಅದು ಹೊರಗೆ ಬೀಳುವುದಿಲ್ಲ, ಅಲ್ಲೇ ಕರಗಿ ತಾಯಿಯ ಮೈಗೆ ಸೇರುತ್ತದೆ. ಅಕ್ಕಪಕ್ಕದವು ಬೆಳೆಯುತ್ತಲೇ ಇರುತ್ತವೆ. ಹೊಟ್ಟೆ ತೆರೆದಾಗ ಆ ಜಾಗದಲ್ಲಿ ಕಂದು ಬಣ್ಣದ ಗಂಟು ಉಳಿದಿದ್ದರೆ ಬೇಗ ಕರಗಿದ್ದು. ತಲೆ, ಕೈಕಾಲಿನ ಗುರುತು ಸಿಗುವಷ್ಟಿದ್ದರೆ ತಡವಾಗಿ ಕರಗಿದ್ದು. ಗರ್ಭಪಾತ ಎಂದರೆ ಹೊರಗೆ ಬಿದ್ದದ್ದು. ಇಲಿಯಲ್ಲಿ ಅದು ಅಪರೂಪ. ಮೊಲದಲ್ಲಿ ಎರಡೂ ಆಗುತ್ತವೆ, ವರದಿಯಲ್ಲಿ ಎರಡಕ್ಕೂ ಬೇರೆ ಬೇರೆ ಅಂಕಣವಿರುತ್ತದೆ. ಎರಡಕ್ಕೂ ಗರ್ಭಪಾತ ಎಂದರೆ ಮೊಲದ ಕೋಷ್ಟಕದಲ್ಲಿ ಒಂದೇ ಹೆಸರಿನ ಎರಡು ಅಂಕಣ ಬಂದು ಕೂರುತ್ತವೆ. ‘ಗರ್ಭದೊಳಗೆ ಕರಗಿದವು’ ಎನ್ನಿ, ಅಂಕಣದಲ್ಲಿ ಜಾಗವಿಲ್ಲದಿದ್ದರೆ ‘ಕರಗಿದವು: ಬೇಗ / ತಡ’.

ಲೆಕ್ಕ ಹೇಗೆ ಕೂಡುತ್ತದೆ ನೋಡಿ. ಅಂಡಾಶಯದ ಮೇಲಿನ ಕಾರ್ಪಸ್ ಲ್ಯೂಟಿಯಂಗಳನ್ನು (ಅಂಡ ಹೊರಬಿದ್ದ ಜಾಗದಲ್ಲಿ ಮೂಡುವ ಗಂಟುಗಳು) ಎಣಿಸಿದರೆ ಎಷ್ಟು ಅಂಡ ಬಿಡುಗಡೆಯಾಗಿತ್ತು ಎಂದು ತಿಳಿಯುತ್ತದೆ. ಒಂದು ಇಲಿಯಲ್ಲಿ ಅವು 14, ನೆಲೆಯೂರಿದ ಜಾಗಗಳು 12, ಬದುಕಿರುವ ಭ್ರೂಣ 9 ಎಂದುಕೊಳ್ಳಿ. ನೆಲೆಯೂರುವ ಮುಂಚಿನ ನಷ್ಟ 14ರಲ್ಲಿ 2, ಶೇ. 14.3. ನಂತರದ ನಷ್ಟ 12ರಲ್ಲಿ 3, ಶೇ. 25. ಭಾಜಕ ಬದಲಾಗುತ್ತದೆ ಎನ್ನುವುದು ಕನ್ನಡದಲ್ಲೂ ಕಾಣಬೇಕು; ಬರೀ ‘ಗರ್ಭನಷ್ಟ’ ಎಂದರೆ ಯಾವುದರಲ್ಲಿ ಎಷ್ಟು ಎಂದು ಗೊತ್ತಾಗುವುದಿಲ್ಲ. ಗರ್ಭಾಶಯ ಪೂರಾ ಖಾಲಿ ಕಂಡರೆ ‘ಬಸಿರಾಗಿಲ್ಲ’ ಎಂದು ಕೂಡಲೇ ಬರೆಯುವುದಿಲ್ಲ. ಶೇ. 10ರ ಅಮೋನಿಯಂ ಸಲ್ಫೈಡ್ ದ್ರಾವಣದಲ್ಲಿ ಅದ್ದಿದರೆ ತೀರಾ ಬೇಗ ಕರಗಿಹೋದ ಜಾಗಗಳಲ್ಲಿ ಉಳಿದ ರಕ್ತದ ಕಬ್ಬಿಣ ಸಲ್ಫೈಡ್ ಆಗಿ ಕಪ್ಪು ಚುಕ್ಕೆ ಮೂಡುತ್ತದೆ. ಕೊಳೆತ ಮೊಟ್ಟೆಯ ನಾತ, ವಿಷಗಾಳಿ. ಹೊಗೆ ಎಳೆಯುವ ಕಪಾಟಿನೊಳಗೇ ಮಾಡಬೇಕು. ಈ ಹೆಜ್ಜೆ ಬಿಟ್ಟರೆ ಎಲ್ಲ ಭ್ರೂಣಗಳನ್ನೂ ಮೊದಲಲ್ಲೇ ಕೊಂದ ರಾಸಾಯನಿಕ ‘ಗರ್ಭ ಕಟ್ಟಲಿಲ್ಲ’ ಎಂಬ ಸಾಲಿಗೆ ಹೋಗಿ, ಬೆಳವಣಿಗೆಯ ಹಾನಿ ಫಲವತ್ತತೆಯ ಹಾನಿಯಂತೆ ಕಾಣುತ್ತದೆ. ಅನುವಾದದಲ್ಲಿ ‘ಗರ್ಭ ನಿಲ್ಲಲಿಲ್ಲ’ ಎಂಬ ಮಾತು ಇದೇ ಎಡವಟ್ಟು ಮಾಡುತ್ತದೆ: ನಮ್ಮಲ್ಲಿ ಅದು ಕಟ್ಟದೇ ಇದ್ದದ್ದಕ್ಕೂ ಸಲ್ಲುತ್ತದೆ, ಕಟ್ಟಿ ಹೋದದ್ದಕ್ಕೂ ಸಲ್ಲುತ್ತದೆ.

ವೆಹಿಕಲ್ ವಾಹನವಾದದ್ದನ್ನು ನೋಡಿ ನಗುವುದೊಂದೇ ದಾರಿ. ಪರೀಕ್ಷಾ ವಸ್ತುವನ್ನು ಕರಗಿಸಲು ಅಥವಾ ಕದಡಲು ಬಳಸುವ ದ್ರವ ಅದು: ನೀರು, ಕಾರ್ನ್ ಎಣ್ಣೆ, ಶೇ. 0.5ರ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ‘ಬೆರೆಸುವ ದ್ರವ’ ಸಾಕು. ಪರೀಕ್ಷಾ ವಸ್ತು ಕೊಡದ ಹೋಲಿಕೆಯ ಗುಂಪಿಗೂ ಇದನ್ನೇ ಅಷ್ಟೇ ಪ್ರಮಾಣದಲ್ಲಿ ಕೊಡುತ್ತಾರೆ. ‘ಹೋಲಿಕೆ ಗುಂಪಿಗೆ ಏನೂ ಕೊಡಲಿಲ್ಲ’ ಎಂದು ಬರೆದರೆ ಪ್ರಯೋಗವೇ ಬದಲಾದಂತೆ.

ಮತ್ತೊಬ್ಬರು

ಪಶುವೈದ್ಯಕೀಯದ ಕಡೆಯಿಂದ ಎರಡು ಮಾತು. ಓದುಗರಲ್ಲಿ ನಮ್ಮ ಹುಡುಗರೂ ಇರುವುದರಿಂದ ಹಟ್ಟಿಯ ಪದಗಳನ್ನು ಏಕೆ ಬಿಡಬೇಕು? ಎಸ್ಟ್ರಸ್‌ಗೆ ಬೆದೆ ಇದೆ. ಇಲಿಯ ಬೆದೆಚಕ್ರ 4-5 ದಿನ ಎಂದರೆ ಯಾರಿಗೂ ಟಿಪ್ಪಣಿ ಬೇಡ. ಲಿಟರ್‌ಗೆ ಸೂಲು ಇದೆ. ಹಂದಿ ಸಾಕುವವರು ಒಂದು ಸೂಲಿಗೆ ಇಷ್ಟು ಮರಿ ಎಂದೇ ಹೇಳುವುದು. ಮೊಲದ ಗರ್ಭಪಾತಕ್ಕೆ ‘ಕಂದು ಹಾಕಿತು’ ಎನ್ನಬಹುದು; ಆಗ ಮೇಲಿನವರು ಹೇಳಿದ ‘ಕರಗಿದವು’ ಎಂಬುದರೊಡನೆ ಬೆರೆಯುವ ಭಯವೇ ಇಲ್ಲ.

ಗವಾಜ್‌ಗೆ ಮಾತ್ರ ಗೊಟ್ಟ ಹಾಕುವುದು ಎನ್ನಬೇಡಿ, ಆಸೆಯಾದರೂ. ಗೊಟ್ಟದಲ್ಲಿ, ಅಂದರೆ ಬಿದಿರಿನ ಕೊಳವೆಯಲ್ಲಿ, ಮದ್ದನ್ನು ಬಾಯಿಗೆ ಹೊಯ್ಯುತ್ತೇವೆ, ದನ ತಾನೇ ನುಂಗುತ್ತದೆ. ಇಲ್ಲಿ ತುದಿಯಲ್ಲಿ ಗುಂಡು ಇರುವ ನಳಿಕೆ ಅನ್ನನಾಳದೊಳಗೆ ಇಳಿದು ಹೊಟ್ಟೆಗೇ ಮುಟ್ಟುತ್ತದೆ, ನುಂಗುವ ಮಾತಿಲ್ಲ. ‘ಬಲವಂತದ ಉಣಿಕೆ’ಯೂ ಸರಿಯಲ್ಲ, ಅದು ಮೇವು ತುರುಕಿದಂತೆ ಕೇಳುತ್ತದೆ. ‘ನಳಿಕೆಯಿಂದ ಹೊಟ್ಟೆಗೆ ಕೊಡುವುದು’ ಎಂದು ಬಿಡಿಸಿ ಹೇಳಿ. ಪ್ರಮಾಣ ಬರೆಯುವಾಗ ಎರಡು ಅಂಕಿಗಳನ್ನು ಬೆರೆಸಬೇಡಿ: ಡೋಸ್ ಎಂದರೆ ಪ್ರತಿ ಕಿಲೋ ಮೈತೂಕಕ್ಕೆ ದಿನಕ್ಕೆ ಇಷ್ಟು ಮಿಲಿಗ್ರಾಂ; ಹೊಯ್ಯುವ ಗಾತ್ರ ಬೇರೆ, ಸಾಮಾನ್ಯವಾಗಿ 100 ಗ್ರಾಂ ಮೈತೂಕಕ್ಕೆ 1 ಮಿ.ಲೀ. ಮೀರಬಾರದು, ನೀರಿನ ದ್ರಾವಣವಾದರೆ 2 ಮಿ.ಲೀ. ನಳಿಕೆ ತಪ್ಪಿ ಶ್ವಾಸನಾಳಕ್ಕೆ ಹೋದರೆ ಪ್ರಾಣಿ ಸಾಯುತ್ತದೆ. ಆ ಸಾವು ‘ಡೋಸ್ ಕೊಡುವಾಗಿನ ಅವಘಡ’. ಶವಪರೀಕ್ಷೆಯಲ್ಲಿ ಶ್ವಾಸಕೋಶದಲ್ಲಿ ದ್ರವ ಸಿಕ್ಕರೆ ಹಾಗೆಂದು ದಾಖಲಿಸುತ್ತಾರೆ. ಕರಡಿನಲ್ಲಿ ಅದನ್ನು ‘ವಿಷದಿಂದ ಸಾವು’ ಎಂದು ಮಾಡಿದ್ದಾರೆಯೇ ಎಂದು ಒಮ್ಮೆ ನೋಡಿಕೊಳ್ಳಿ, ಹಲವು ಅನುವಾದಗಳಲ್ಲಿ ಹಾಗಾಗುತ್ತದೆ.

ಮೊದಲ ಉತ್ತರ ಬರೆದವರಿಂದ

ಸೂಲು ಒಳ್ಳೆಯ ಪದ, ಎರಡು ಕಡೆ ಎಚ್ಚರ ಬೇಕು. ‘ಮೂರನೇ ಸೂಲಿನ ಹಸು’ ಎಂದಾಗ ಅದು ಎಷ್ಟನೆಯ ಹೆರಿಗೆ ಎಂಬ ಲೆಕ್ಕ. ಎರಡು ಪೀಳಿಗೆಯ ಅಧ್ಯಯನದಲ್ಲಿ ಒಮ್ಮೊಮ್ಮೆ ಅದೇ ತಾಯಿಯನ್ನು ಮತ್ತೆ ಗಂಡಿಗೆ ಬಿಟ್ಟು ಎರಡನೇ ಸಲ ಮರಿ ಹಾಕಿಸುತ್ತಾರೆ. ಅಲ್ಲಿ ‘2 ಸೂಲು’ ಎಂದರೆ ಎರಡು ತಾಯಿಗಳದ್ದೋ, ಒಂದೇ ತಾಯಿಯ ಎರಡು ಸಲದ್ದೋ? ಇನ್ನೊಂದು, 414ರಲ್ಲಿ ಹೆರಿಗೆಯೇ ಆಗುವುದಿಲ್ಲ. ಹೆತ್ತರೆ ಸತ್ತ ಮರಿ, ಅಂಗ ಕೆಟ್ಟ ಮರಿಗಳನ್ನು ತಾಯಿ ತಿಂದುಬಿಡುತ್ತದೆ, ಸಾಕ್ಷ್ಯವೇ ಉಳಿಯುವುದಿಲ್ಲ. ಅದಕ್ಕೇ ಹೆರಿಗೆಯ ಮುನ್ನಾದಿನದ ಆಸುಪಾಸಿಗೆ ಹೊಟ್ಟೆ ಕೊಯ್ದು ತೆಗೆಯುವುದು. ಹಾಗಾಗಿ ಅಲ್ಲಿ ‘ಒಂದೇ ಬಸಿರಿನ ಭ್ರೂಣಗಳು’, ಮರಿ ಹಾಕಿಸಿ ನೋಡುವ 416, 421, 443ನೇ ಮಾರ್ಗಸೂಚಿಗಳಲ್ಲಿ ‘ಸೂಲು’. 

ಆದರೆ ಲಿಟರ್‌ಗೆ ‘ಮರಿಗಳು’ ಎಂದು ಮಾತ್ರ ಬರೆಯಬೇಡಿ. ಕರಡಿನಲ್ಲಿ ನನ್ನ ಕಣ್ಣಿಗೆ ಬಿದ್ದ ತಪ್ಪುಗಳಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಇದು. ಡೋಸ್ ಹೋಗುವುದು ತಾಯಿಗೆ. ಒಂದೇ ಬಸಿರಿನ ಹನ್ನೆರಡು ಭ್ರೂಣಗಳು ಒಂದೇ ರಕ್ತ, ಒಂದೇ ಮೇವು, ಒಂದೇ ತಾಯಿತಂದೆಯ ವಂಶವಾಹಿ ಹಂಚಿಕೊಂಡವು. ಅವು ಹನ್ನೆರಡು ಬೇರೆ ಬೇರೆ ಸಾಕ್ಷಿಗಳಲ್ಲ. ಒಂದು ಗುಂಪಿನಲ್ಲಿ 20 ತಾಯಿ, 240 ಭ್ರೂಣ, 12ರಲ್ಲಿ ಅಂಗುಳು ಸೀಳು ಎಂದುಕೊಳ್ಳಿ. ಹನ್ನೆರಡೂ ಒಂದೇ ತಾಯಿಯವಾದರೆ ಬಾಧಿತ ಬಸಿರು 20ರಲ್ಲಿ 1, ಆ ತಾಯಿಗೇ ಏನೋ ಆಗಿರಬಹುದು. ಹನ್ನೆರಡು ತಾಯಿಗಳಲ್ಲಿ ಒಂದೊಂದರಂತೆ ಹರಡಿದ್ದರೆ 20ರಲ್ಲಿ 12. ಎರಡೂ ಕಡೆ ‘240 ಮರಿಗಳಲ್ಲಿ 12’ ಎಂಬ ವಾಕ್ಯ ಒಂದೇ. ಸಂಖ್ಯಾಶಾಸ್ತ್ರದ ಎಣಿಕೆಯ ಘಟಕ ಬಸಿರು. ಗುಂಪಿಗೆ ಸುಮಾರು 20 ಹೆಣ್ಣುಗಳಲ್ಲಿ ಭ್ರೂಣ ನೆಲೆಯೂರಿರಬೇಕು ಎಂದು ಮಾರ್ಗಸೂಚಿ ಕೇಳುವುದೂ ಅದಕ್ಕೇ.

ಅಂಗುಳು ಸೀಳಿನ ಮಾತು ಬಂತು. ಮಾಲ್ಫಾರ್ಮೇಶನ್‌ಗೆ ಅಂಗವೈಕಲ್ಯ ಬೇಡ, ಅದು ಮನುಷ್ಯರ ಬದುಕಿನ ಪದ. ‘ಅಂಗವಿಕೃತಿ’ ಎನ್ನಿ. ವೇರಿಯೇಶನ್ ಬೇರೆ, ಅದು ‘ರಚನಾಭೇದ’, ಸಹಜವಾಗಿಯೂ ಕಾಣುವ ಸಣ್ಣ ವ್ಯತ್ಯಾಸ. ಇಲಿಗೆ 13 ಜೊತೆ ಪಕ್ಕೆಲುಬು. ಅಲಿಜರಿನ್ ರೆಡ್‌ನಿಂದ ಮೂಳೆ ಕೆಂಪಾದಾಗ 14ನೆಯದರ ಒಂದು ತುಣುಕು ಕಂಡರೆ ಅದು ಸಾಮಾನ್ಯವಾಗಿ ರಚನಾಭೇದದ ಲೆಕ್ಕಕ್ಕೆ ಹೋಗುತ್ತದೆ. ಎದೆಮೂಳೆ ಇನ್ನೂ ಗಟ್ಟಿಯಾಗದಿದ್ದರೆ ‘ಮೂಳೆಗಟ್ಟುವುದು ತಡ’, ‘ಮೂಳೆ ಇಲ್ಲ’ ಅಲ್ಲ. ಆಲ್ಸಿಯನ್ ಬ್ಲೂ ಹಾಕಿದ್ದರೆ ಅದೇ ಜಾಗದಲ್ಲಿ ಮೃದ್ವಸ್ಥಿ ನೀಲಿಯಾಗಿ ಕಾಣುತ್ತದೆ, ವ್ಯತ್ಯಾಸ ತಿಳಿಯುತ್ತದೆ. ಆ ಬಣ್ಣದ ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಮೂಳೆಯ ಸುಣ್ಣವೇ ಕರಗಿ ಕೆಂಪು ಹಿಡಿಯುವುದಿಲ್ಲ. ಆಗ ಎಲ್ಲ ಭ್ರೂಣಗಳೂ ‘ತಡ’ ಎಂದೇ ತೋರುತ್ತವೆ, ಹೋಲಿಕೆ ಗುಂಪಿನವೂ ಸೇರಿ.

ನೀವು ಕೇಳದಿದ್ದರೂ ಒಂದು: ಎನ್‌ಒಎಇಎಲ್ ಅನ್ನು ‘ಸುರಕ್ಷಿತ ಪ್ರಮಾಣ’ ಎಂದು ಮಾಡಿರುತ್ತಾರೆ. ‘ಕೊಟ್ಟ ಡೋಸ್‌ಗಳಲ್ಲಿ ಪ್ರತಿಕೂಲ ಪರಿಣಾಮ ಕಾಣದ ಅತಿ ಹೆಚ್ಚಿನದು’ ಎಂಬುದಷ್ಟೇ ಅದರ ಅರ್ಥ. 30, 100, 300 ಕೊಟ್ಟು 300ರಲ್ಲಿ ಮಾತ್ರ ಹಾನಿ ಕಂಡರೆ ಅದು 100. 200 ಕೊಟ್ಟಿರಲೇ ಇಲ್ಲ. ತಾಯಿಗೆ ಒಂದು, ಭ್ರೂಣಕ್ಕೆ ಒಂದು ಎಂದು ಎರಡು ಅಂಕಿ ಇರುತ್ತವೆ, ಎರಡನ್ನೂ ಬೇರೆಬೇರೆಯಾಗಿ ಬರೆಯಿರಿ. ತಾಯಿಯ ತೂಕವೇ ಇಳಿದ ಡೋಸ್‌ನಲ್ಲಿ ಭ್ರೂಣವೂ ಸಣ್ಣದಾದರೆ ಒಂದು ಅರ್ಥ. ತಾಯಿ ಚೆನ್ನಾಗಿದ್ದು ಭ್ರೂಣ ಮಾತ್ರ ಕೆಟ್ಟರೆ ಅದು ಬೇರೆಯೇ, ಹೆಚ್ಚು ಕಳವಳದ ಅರ್ಥ. ತಾಯಿಯ ತೂಕ ಎಂದಾಗಲೂ ಗರ್ಭಾಶಯದ ತೂಕ ಕಳೆದದ್ದೋ ಸೇರಿದ್ದೋ ಎಂದು ಮೂಲದಲ್ಲಿ ನೋಡಿ. ಭ್ರೂಣಗಳು ಕರಗಿಹೋದ ಬಸಿರಿನಲ್ಲಿ ಮೈತೂಕ ತಾನಾಗಿ ಕಡಿಮೆ ಕಾಣುತ್ತದೆ, ತಾಯಿ ಸೊರಗಿಲ್ಲದಿದ್ದರೂ.