ಅಪ್‌ಡೇಟ್: ತವರದ ಬಟ್ಟಲಿನ ಅಂಚಿನ ನೆರಿಗೆ ಹೋಯ್ತು

ವೀಕೆಂಡ್ ಲೋಹದ ಕೆಲಸದ ಕ್ಲಾಸಲ್ಲಿ 12 ಸೆಂ.ಮೀ. ಅಗಲ, 1.5 ಮಿ.ಮೀ. ದಪ್ಪದ ತವರದ ಬಿಲ್ಲೆಯನ್ನ ಬಟ್ಟಲು ಮಾಡುವಾಗ ಅಂಚು ನೆರಿಗೆ ಕಟ್ಟಿ ಸೀಳುತ್ತೆ ಅಂತ ಕೇಳಿದ್ದೆನಲ್ಲ, ಪರಿಹಾರ ಸಿಕ್ತು.

ನೀವೆಲ್ಲ ಕೊಟ್ಟ ಸಲಹೆಗಳಲ್ಲಿ ಕೆಲಸಕ್ಕೆ ಬಂದದ್ದು ಮರದ ಕೊಡತಿಯದು. ಮರದ ದಿಮ್ಮಿಯಲ್ಲಿ ಕೊರೆದ ತಗ್ಗಿನ ಮೇಲೆ ಬಿಲ್ಲೆ ಇಟ್ಟು, ಕೊಡತಿಯಿಂದ ಬಡಿಯುತ್ತಾ ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರಬೇಕು. ಒಂದು ಸುತ್ತು ಮುಗಿದ ಕೂಡಲೇ ನೆರಿಗೆ ತಟ್ಟಿಬಿಡಬೇಕು, ಅದೂ ಒಳತುದಿಯಿಂದ ಅಂಚಿನ ಕಡೆಗೆ. ಬಿಟ್ಟರೆ ಮಡಿಕೆ ಒಂದರ ಮೇಲೊಂದು ಕೂರುತ್ತೆ. ಆಮೇಲೆ ಎಷ್ಟು ಬಡಿದರೂ ಅಲ್ಲೇ ಸೀಳು. ಕಬ್ಬಿಣದ ಸುತ್ತಿಗೆ ಬೇಡವೇ ಬೇಡ, ಹೊಡೆದ ಕಡೆ ತಗಡು ತೆಳುವಾಗಿ ಹಿಗ್ಗುತ್ತೆ.

ಮರಳಿನ ಚೀಲದ ಮೇಲಿಟ್ಟು ಬಡಿಯೋ ಸಲಹೆ ಅಂಚಿಗೆ ಆಗಲಿಲ್ಲ, ಆಧಾರ ಸಾಲದು. ಟಾರ್ಚಲ್ಲಿ ಕಾಯಿಸಿ ಮೆತ್ತಗೆ ಮಾಡೋ ಸಲಹೆ ತಾಮ್ರ, ಹಿತ್ತಾಳೆಗೆ ಸರಿ. ತವರ ಬಡಿದರೂ ಗಟ್ಟಿಯಾಗಲ್ಲ, ಕೋಣೆಯ ಬಿಸಿಗೇ ಅದರ ಹರಳುಗಳು ಮತ್ತೆ ಹೊಸದಾಗಿ ಕಟ್ಟಿಕೊಳ್ಳುತ್ತವೆ. ಕರಗೋದು 232 ಡಿಗ್ರಿಗೆ, ಟಾರ್ಚ್ ಹಿಡಿದರೆ ಅಂಚು ಹನಿಯಾಗಿ ಬೀಳುತ್ತೆ.

ಬಗ್ಗಿಸಿದಾಗ ಕರಕರ ಸದ್ದು ಬಂದರೆ ಗಾಬರಿ ಬೇಡ, ಬಿರುಕಲ್ಲ. ಹರಳು ಜರುಗೋ ಸದ್ದು. ಅಂಚು ನಯ ಮಾಡೋ ಅರಕ್ಕೆ (ಫೈಲ್) ಮೊದಲು ಚಾಕ್‌ಪೀಸ್ ಉಜ್ಜಿಕೊಳ್ಳಿ, ಇಲ್ಲದಿದ್ದರೆ ಹಲ್ಲುಗಳಲ್ಲಿ ತವರ ಮೆತ್ತಿಕೊಳ್ಳುತ್ತೆ.

ಊಟದ ಸಾಮಾನಿಗೆ 99.9 ಶುದ್ಧದ್ದೇ ತಗೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗೋ 60/40 ಸೋಲ್ಡರ್ (ಬೆಸುಗೆ ಲೋಹ) ಕರಗಿಸೋ ಯೋಚನೆ ಇದ್ದರೆ ಬಿಟ್ಟುಬಿಡಿ, ಅದರಲ್ಲಿ 40 ಭಾಗ ಸೀಸ. ಆದ ಬಟ್ಟಲನ್ನ ಒಲೆ ಮೇಲೂ ಇಡಬೇಡಿ, ಫ್ರೀಜರ್‌ಗೂ ಹಾಕಬೇಡಿ. ಕೋಸಂಬರಿಗೆ, ಒಣ ಹಣ್ಣಿಗೆ ಚೆನ್ನಾಗಿದೆ.