ಪದಚರ್ಚೆ: ಅಪೂರ್ಣ ಪ್ರಬಲತೆ, ಸಹಪ್ರಬಲತೆ – ಎರಡಕ್ಕೂ ‘ಮಿಶ್ರ’ ಆದೀತೇ?

ಪ್ರಶ್ನೆ:
ಪಿಯು ಮಟ್ಟದ ಜೀವಶಾಸ್ತ್ರ ಪಾಠದ ಅನುವಾದಕ್ಕೆ ಸಲಹೆ ಬೇಕು. ಅಪೂರ್ಣ ಪ್ರಬಲತೆ (ಇನ್‌ಕಂಪ್ಲೀಟ್ ಡಾಮಿನನ್ಸ್), ಸಹಪ್ರಬಲತೆ (ಕೋಡಾಮಿನನ್ಸ್) ಎರಡರಲ್ಲೂ ತಂದೆ ತಾಯಿ ಇಬ್ಬರ ಗುಣವೂ ಕಾಣುತ್ತದಲ್ಲವೇ? ಹಾಗಿದ್ದರೆ ಎರಡಕ್ಕೂ ‘ಮಿಶ್ರ ಪ್ರಬಲತೆ’ ಎಂದರೆ ಸಾಲದೇ? ಇನ್ನೊಂದು, ಒಂದು ವಂಶವಾಹಿ ಬೇರೊಂದರ ಪರಿಣಾಮವನ್ನು ಬದಲಿಸುವ ಎಪಿಸ್ಟಾಸಿಸ್‌ಗೆ ‘ಅಧಿಪ್ರಬಲತೆ’ ಹೊಂದುತ್ತದೆಯೇ?

ಉತ್ತರ 1:
‘ಮಿಶ್ರ’ ಖಂಡಿತ ಬೇಡ. ಹಾಲಿಗೆ ಬೆರೆತ ಡಿಕಾಕ್ಷನ್ ಮತ್ತೆ ಬೇರೆಯಾಗದು. ‘ಮಿಶ್ರ’ ಎಂದೊಡನೆ ಓದುವವರಿಗೆ ಹೊಳೆಯುವುದು ಅದೇ. ಮೆಂಡೆಲ್ ಅಲ್ಲಗಳೆದದ್ದೂ ಅದನ್ನೇ.

ಅಪೂರ್ಣ ಪ್ರಬಲತೆಗೆ ಸಂಜೆಮಲ್ಲಿಗೆಯನ್ನೇ ನೋಡಿ. ಜರ್ಮನ್ ಸಸ್ಯವಿಜ್ಞಾನಿ ಕಾರ್ಲ್ ಕೊರೆನ್ಸ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟ ಗಿಡ ಇದು. ಶುದ್ಧ ಕೆಂಪಿನ ತಳಿಗೆ ಶುದ್ಧ ಬಿಳಿಯದನ್ನು ಕೂಡಿಸಿದರೆ ಮೊದಲ ಪೀಳಿಗೆ ಪೂರಾ ಗುಲಾಬಿ. ಆ ಗುಲಾಬಿಯ ಬೀಜ ಬಿತ್ತಿ 16 ಗಿಡ ಎಬ್ಬಿಸಿದರೆ ಸರಾಸರಿ 4 ಕೆಂಪು, 8 ಗುಲಾಬಿ, 4 ಬಿಳಿ. ಕೆಂಪೂ ಬಿಳಿಯೂ ಒಂದಿಷ್ಟೂ ಮಾಸದೆ ಮರಳಿ ಬಂದವು ಅಂದಮೇಲೆ ವಂಶವಾಹಿಗಳು ಬೆರೆತೇ ಇಲ್ಲ. ಬಣ್ಣ ತಯಾರಿಸುವ ವಂಶವಾಹಿಯ ಒಂದೇ ಪ್ರತಿ ಕೆಲಸ ಮಾಡುತ್ತಿದೆ, ಬಣ್ಣ ಸಾಲದೆ ಹೂವು ಗುಲಾಬಿಯಾಗಿದೆ, ಅಷ್ಟೆ. ‘ಅಪೂರ್ಣ’ ಎಂಬ ಮಾತು ಈ ಸಾಲದಿಕೆಯನ್ನು ಚೆನ್ನಾಗಿ ಹೇಳುತ್ತದೆ. ಇದೇ ಕಾರಣಕ್ಕೆ ಗುಲಾಬಿ ಬಣ್ಣವನ್ನು ಬೀಜದಿಂದ ಉಳಿಸಿಕೊಳ್ಳಲು ಆಗುವುದಿಲ್ಲ, ಗೆಡ್ಡೆ ನೆಡಬೇಕು.

ಪಾಠದಲ್ಲಿ ಇದನ್ನು ಪ್ರಯೋಗವಾಗಿ ಕೊಡುವುದಾದರೆ ಕೆಲವು ಎಚ್ಚರಿಕೆ ಸೇರಿಸಿ. ಸಂಜೆ ಹೂವು ಬಿರಿಯುವ ಮುಂಚೆಯೇ ಮೊಗ್ಗು ಸೀಳಿ ಕೇಸರಗಳನ್ನು ಕಿತ್ತಿರಬೇಕು, ಇಲ್ಲದಿದ್ದರೆ ತನ್ನ ಪರಾಗವೇ ತನಗೆ ತಗುಲುತ್ತದೆ. ಒಂದು ಹೂವಿಗೆ ಒಂದೇ ಬೀಜ, ಹಾಗಾಗಿ ಹತ್ತು ಬೀಜ ಬೇಕೆಂದರೆ ಹತ್ತು ಹೂವಿಗೂ ಕೈಯಾಡಿಸಬೇಕು. ಹಿತ್ತಲಲ್ಲಿ ಸಿಗುವ ಹಳದಿ, ಚುಕ್ಕೆ, ಪಟ್ಟೆಯ ಗಿಡಗಳನ್ನು ತಂದರೆ ಲೆಕ್ಕ ಕೆಡುತ್ತದೆ. ಅವುಗಳ ವಿಚಾರವೇ ಬೇರೆ.

ಸಹಪ್ರಬಲತೆಯಲ್ಲಿ ನಡುವಣ ಬಣ್ಣ ಎಂಬುದೇ ಇಲ್ಲ. ಎಬಿ ಗುಂಪಿನ ರಕ್ತವನ್ನು ಎರಡು ಹನಿಯಾಗಿ ಇಟ್ಟು ಒಂದಕ್ಕೆ ಆಂಟಿ-ಎ (ಎ ಗುರುತಿರುವ ಕಣಗಳನ್ನು ಗರಣೆಗಟ್ಟಿಸುವ ಪರೀಕ್ಷಾದ್ರವ), ಇನ್ನೊಂದಕ್ಕೆ ಬಿಗೆ ಹಾಗೆಯೇ ಇರುವ ಆಂಟಿ-ಬಿ ಬೆರೆಸಿ. ಎರಡೂ ಹನಿ ಗರಣೆಗಟ್ಟುತ್ತವೆ. ಅರ್ಧ ಎ, ಅರ್ಧ ಬಿ ಎಂಬ ಮಬ್ಬು ಫಲಿತಾಂಶವಲ್ಲ, ಎರಡೂ ಇಡಿಯಾಗಿ ಇವೆ. ‘ಸಹ’ ಇಲ್ಲಿ ಸಹಪಂಕ್ತಿಯ ‘ಸಹ’: ಒಂದೇ ಸಾಲು, ಅವರವರ ಎಲೆ ಅವರವರಿಗೆ.

(‘ಅರೆಪ್ರಬಲತೆ’ ಎಂಬ ಸಲಹೆಯೂ ಬಂದೀತು. ಅರಿಸಮಾಸದ ತಕರಾರನ್ನು ನಾನು ಎತ್ತುವುದಿಲ್ಲ. ಆದರೆ ‘ಅರೆ’ ಎಂದರೆ ಸರಿಯಾಗಿ ಅರ್ಧ ಎಂದಾಗುತ್ತದೆ. ಗುಣ ಎಂದಿಗೂ ನಟ್ಟನಡುವೆಯೇ ನಿಲ್ಲಬೇಕೆಂದಿಲ್ಲ.)

ಉತ್ತರ 2:
ಮೇಲಿನದಕ್ಕೆ ಪೂರ್ತಿ ಸಹಮತ. ಎಪಿಸ್ಟಾಸಿಸ್ ಬಗ್ಗೆ ಮಾತ್ರ ಬರೆಯುತ್ತೇನೆ, ಜೊತೆಗೆ ರಿಸೆಸಿವ್ ಗುಣಕ್ಕೆ (ಪ್ರಬಲದ ಮುಂದೆ ಮರೆಯಾಗುವುದಕ್ಕೆ) ಬಳಸುವ ‘ದುರ್ಬಲ’ದ ಬಗ್ಗೆ ಒಂದು ಆಕ್ಷೇಪ.

ಪ್ರಬಲತೆ ಎನ್ನುವುದು ಒಂದೇ ವಂಶವಾಹಿಯ ಎರಡು ರೂಪಗಳ ನಡುವಿನ ಮಾತು. ಎಪಿಸ್ಟಾಸಿಸ್ ಬೇರೆ ಬೇರೆ ವಂಶವಾಹಿಗಳ ನಡುವಿನದು. ‘ಅಧಿಪ್ರಬಲತೆ’ ಎಂದರೆ ಈ ಗೆರೆಯೇ ಅಳಿಸಿಹೋಗುತ್ತದೆ. ಸಾಲದ್ದಕ್ಕೆ, ಎರಡು ಬೇರೆ ರೂಪಗಳು ಕೂಡಿದಾಗ ಗುಣ ಎರಡೂ ಶುದ್ಧ ತಳಿಗಳನ್ನು ಮೀರುವ ಓವರ್‌ಡಾಮಿನನ್ಸ್‌ಗೆ ಆ ಪದ ಬೇಕಾಗುತ್ತದೆ. ಎಪಿಸ್ಟಾಸಿಸ್‌ಗೆ ಉದಾಹರಣೆ, 1952ರಲ್ಲಿ ಮುಂಬೈಯಿಂದ ವರದಿಯಾದ ಬಾಂಬೆ ರಕ್ತಗುಂಪು. ಎ, ಬಿ ಪ್ರತಿಜನಕಗಳು (ಕೆಂಪುಕಣಗಳ ಮೇಲಿನ ಗುರುತುಗಳು) ಕೂರಲು ಎಚ್ ಎಂಬ ತಳಹದಿ ಬೇಕು. ಎಚ್ ಕಟ್ಟುವ ವಂಶವಾಹಿ 19ನೇ ವರ್ಣತಂತುವಿನಲ್ಲಿ, ಎಬಿಓ ವಂಶವಾಹಿ 9ನೆಯದರಲ್ಲಿ. ಎಚ್ ಕೆಟ್ಟಿದ್ದರೆ ಎ ವಂಶವಾಹಿ ಸರಿಯಿದ್ದರೂ ಪರೀಕ್ಷೆಯಲ್ಲಿ ‘ಓ’ ಎಂದೇ ಬರುತ್ತದೆ. ಅವರಿಗೆ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಕುತ್ತು. ಕೋಶಗಳ ಪರೀಕ್ಷೆಯಷ್ಟೇ ಮಾಡಿದರೆ ಇದು ತಪ್ಪಿಹೋಗುತ್ತದೆ. ಅವರ ಸೀರಂ (ರಕ್ತದ ದ್ರವಭಾಗ) ಓ ಕೋಶಗಳನ್ನೂ ಗರಣೆಗಟ್ಟಿಸುವುದನ್ನು ನೋಡಿದಾಗಲೇ ತಿಳಿಯುವುದು.

ಇಂಥ ಕಡೆ ‘ಮೇಲ್ತಡೆ’ ಎನ್ನುವ ಆಸೆಯಾಗುತ್ತದೆ. ಆದರೆ ಎಲ್ಲ ಎಪಿಸ್ಟಾಸಿಸ್ಸೂ ತಡೆಯಲ್ಲ. ‘ಎಪಿಸ್ಟಾಸಿಸ್’ ಎಂದೇ ಇಟ್ಟು ಮೊದಲ ಸಲ ವಿವರಿಸಿಬಿಡಿ.

ಇನ್ನು ‘ದುರ್ಬಲ’. ಪ್ರಬಲ ಎಂದರೆ ಎಲ್ಲರಲ್ಲೂ ಇರುವುದು, ದುರ್ಬಲ ಎಂದರೆ ಅಳಿಯುತ್ತಿರುವುದು ಎಂದು ಮಕ್ಕಳು ತಿಳಿಯುತ್ತಾರೆ. ಕೈಗೆ ಆರನೇ ಬೆರಳು ಎಷ್ಟೋ ಮನೆತನಗಳಲ್ಲಿ ಪ್ರಬಲ ಗುಣವಾಗಿಯೇ ಇಳಿದುಬರುತ್ತದೆ, ಆದರೂ ಅಪರೂಪ. ಓ ಗುಂಪು ‘ದುರ್ಬಲ’, ಆದರೆ ನಮ್ಮಲ್ಲಿ ಓ ಗುಂಪಿನವರಿಗೆ ಬರವಿಲ್ಲ. ‘ಸುಪ್ತ’ ವಾಸಿ.

ಇನ್ನೂ ಮುಖ್ಯವಾದದ್ದು, ಈ ವಿಶೇಷಣಗಳು ವಂಶವಾಹಿಗೆ ಅಂಟಿದವಲ್ಲ, ನಾವು ನೋಡುತ್ತಿರುವ ಗುಣಕ್ಕೆ ಸೇರಿದವು. ಕೆಂಪುಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯ ವಂಶವಾಹಿಯ ಒಂದೇ ಪ್ರತಿ ಇರುವವರಿಗೆ ಸಾಮಾನ್ಯವಾಗಿ ರಕ್ತಹೀನತೆ ಇಲ್ಲ, ಆದ್ದರಿಂದ ಸುಪ್ತ. ಆಮ್ಲಜನಕ ತೀರ ಇಳಿದರೆ ಅವರ ಕೆಂಪುಕಣಗಳೂ ಒಂದಷ್ಟು ಕುಡುಗೋಲಾಗುತ್ತವೆ, ಆಗ ಅಪೂರ್ಣ ಪ್ರಬಲ. ವಿದ್ಯುತ್ ಹರಿಸಿ ಪ್ರೋಟೀನುಗಳನ್ನು ಬೇರ್ಪಡಿಸುವ ಎಲೆಕ್ಟ್ರೋಫೋರೆಸಿಸ್‌ನಲ್ಲಿ ಎ ಮತ್ತು ಎಸ್ ಹಿಮೋಗ್ಲೋಬಿನ್‌ಗಳ ಎರಡು ಪಟ್ಟೆ ಬೇರೆಬೇರೆ ಕಾಣುತ್ತವೆ, ಈಗ ಸಹಪ್ರಬಲ. ಆ ಪಟ್ಟೆಗಳೂ ಸಮಸಮ ಅಲ್ಲ, ಸುಮಾರಾಗಿ 60ಕ್ಕೆ 40. ಹಾಗಾಗಿ ‘ಸಹ’ವನ್ನು ‘ಸಮ’ ಎಂದು ತಿದ್ದಲು ಯಾರಾದರೂ ಹೊರಟರೆ ಒಪ್ಪಬೇಡಿ. ನಿಮ್ಮ ಕರಡಿನಲ್ಲಿ ‘ಈ ವಂಶವಾಹಿ ಸುಪ್ತ’ ಎಂದಿರುವ ಕಡೆಯೆಲ್ಲ ‘ಕಾಯಿಲೆಯ ಮಟ್ಟಿಗೆ ಸುಪ್ತ’ ಎಂದು ಮಾಡಿ.