ಅಪ್‌ಡೇಟ್: ಮಗನಿಗೆ ಶರಣಬಸಪ್ಪ ಅಂತಲೇ ಹೆಸರಿಟ್ಟೆವು

ಮುತ್ಯಾನ, ಅಂದ್ರೆ ಅಜ್ಜನ, ಹೆಸರು ಮಗನಿಗೆ ಇಡಬಹುದಾ, ತೀರಾ ಹಳೇದಾಯ್ತಾ ಅಂತ ಕೇಳಿದ್ದೆ ಅಲ್ವಾ? ಇಟ್ಟುಬಿಟ್ಟೆವು, ಶರಣಬಸಪ್ಪ! ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ನನ್ನ ಹೆಂಡತಿಗೆ ಚಿಕ್ಕ, ಹೊಸ ಹೆಸರು ಬೇಕಿತ್ತು. ಆದರೆ ಕಲಬುರಗಿಯಲ್ಲಿ ಶರಣಬಸವೇಶ್ವರರ ಗುಡಿಗೆ ಮಗುವನ್ನು ಕರ್ಕೊಂಡು ಹೋದಾಗ, ದಾಸೋಹದಲ್ಲಿ ಊಟಕ್ಕೆ ಕೂತಿದ್ದ ಒಬ್ಬ ಅಜ್ಜಿ ಏನ್ ಹೆಸರವ್ವಾ ಅಂತ ಕೇಳಿದರು, ನನ್ನ ಹೆಂಡತಿಯೇ ತಟ್ಟನೆ ಶರಣಬಸಪ್ಪ ಅಂದುಬಿಟ್ಟಳು. ನನಗೆ ಕಣ್ಣು ತುಂಬಿ ಬಂತು. ತೊಟ್ಟಿಲು ಹಾಕಿದ ದಿನ ನಮ್ಮಕ್ಕ ಅವನ ಕಿವಿಯಲ್ಲಿ ಕುರ್ರ್ ಅಂತ ಅದೇ ಹೆಸರು ಹೇಳಿದಳು. ಮನೇಲಿ ಕರೆಯೋದು ಶರಣು.

ಪ್ರಮಾಣಪತ್ರದ ಬಗ್ಗೆ ಕೇಳಿದವರಿಗೆ: ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ, 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಅವಸರ ಬೇಡ. ಆದರೆ ಇಂಗ್ಲಿಷ್ ಸ್ಪೆಲಿಂಗ್ ಮಾತ್ರ ಮನೆಯಲ್ಲೇ ಕೂತು ಪಕ್ಕಾ ಮಾಡಿಕೊಳ್ಳಿ, ಬಸಪ್ಪದಲ್ಲಿ ಒಂದು ಪಿ ನಾ ಎರಡಾ ಅಂತ. ಆಧಾರ್, ಶಾಲೆಯ ದಾಖಲೆ ಎಲ್ಲದರಲ್ಲೂ ಒಂದೇ ತರ ಇರಬೇಕು. ನಾವು ಎರಡು ಪಿ ಬರೆಸಿದ್ದೇವೆ.